ಸ್ಪೀಕರಿನಲ್ಲಿ ನನ್ನ ಮನಸ್ಸು

ರಾಣೆಬೆನ್ನೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಪ್ರತಿ ಕ್ಲಾಸಿಗೂ ಸ್ಪೀಕರ್ ಹಾಕಿಸಿದರು. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಗಂಡಸಿನ ದನಿ, "ತಪ್ಪು" ಎಂದಿತು. ತಿರುಗಿ ನೋಡಿದೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ದನಿ ದಿನಾ ಬರತೊಡಗಿತು. "ನಿನ್ನಿಂದ ಆಗೂದಿಲ್ಲ" ಎನ್ನುತ್ತಿತ್ತು. ಬರಬರುತ್ತ ನಾನು ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಆ ಸ್ಪೀಕರಿನಿಂದ ಹೊರಗೆ ಬೀಳುತ್ತಿದೆ, ಇಡೀ ಶಾಲೆ ಅದನ್ನು ಕೇಳುತ್ತಿದೆ ಎಂಬುದು ನನಗೆ ಖಾತ್ರಿಯಾಯಿತು. ಯಾರಾದರೂ ನಕ್ಕರೆ ನನ್ನ ಗುಟ್ಟು ಕೇಳಿಯೇ ನಕ್ಕರು ಎನಿಸುತ್ತಿತ್ತು. ಒಂದು ಮಧ್ಯಾಹ್ನ ಪಾಠದ ನಡುವೆಯೇ ಬೆಂಚು ಹತ್ತಿ ಸ್ಪೀಕರಿನ ವೈರು ಕಿತ್ತುಬಿಟ್ಟೆ. ಮುಖ್ಯೋಪಾಧ್ಯಾಯಿನಿ ನನ್ನ ಯಜಮಾನರನ್ನು ಕರೆಸಿ, ಸ್ವಲ್ಪ ದಿನ ರಜೆ ತಗೊಳ್ಳಲಿ ಎಂದು ಮೆಲ್ಲಗೆ ಹೇಳಿದರು.

ನನ್ನ ಯಜಮಾನರದು ಮೋಟಾರು ರಿಪೇರಿ ಅಂಗಡಿ. ಅವರು ಶಾಲೆಗೆ ಹೋಗಿ ಸ್ಪೀಕರ್ ಬಿಚ್ಚಿಯೇ ನೋಡಿ ಬಂದರು. "ಅದರಾಗ ಏನೂ ಇಲ್ಲ. ಒಂದು ಅಯಸ್ಕಾಂತ, ಒಂದೀಟು ತಂತಿ, ಅಷ್ಟ ಐತಿ. ನನ್ನ ಮಾತು ನಂಬು" ಎಂದರು. ನಾನು ನಂಬಲಿಲ್ಲ. ಇವರೂ ಶಾಲೆಯವರ ಜೊತೆ ಸೇರಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ವಾದ ಮಾಡಿದಷ್ಟೂ ನನ್ನ ನಂಬಿಕೆ ಗಟ್ಟಿಯಾಗುತ್ತಿತ್ತು. ಕೊನೆಗೆ ಅವರು ನನ್ನನ್ನು ಬ್ಯಾಡಗಿಗೆ, ಅವ್ವನ ಹತ್ತಿರ ಬಿಟ್ಟರು. ಅಲ್ಲಿಂದ ಹಾವೇರಿಯ ಆಸ್ಪತ್ರೆಗೆ ಹೋಗಿ ಬರತೊಡಗಿದೆ.

ಮನೋವೈದ್ಯರು ಕೊಟ್ಟ ಗುಳಿಗೆಯಿಂದ ನಿದ್ದೆ ಬಂತು, ದನಿ ಸಣ್ಣದಾಯಿತು. ಆದರೆ ಸ್ಪೀಕರಿನ ಮೇಲಿನ ನಂಬಿಕೆ ಹಾಗೇ ಉಳಿಯಿತು. ಆಗ ಅವರು ಪಕ್ಕದ ಕೋಣೆಯಲ್ಲಿದ್ದ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಿದರು. ಆಕೆ ನನಗಿಂತ ಸ್ವಲ್ಪ ಹಿರಿಯರು. ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡು, "ಆ ದನಿ ಏನ್ ಅಂತೈತಿ, ಹೇಳ್ರಿ" ಎಂದರು.

ಅಲ್ಲಿಯವರೆಗೆ ಎಲ್ಲರೂ ಹೇಳಿದ್ದು ಒಂದೇ: ಅದೆಲ್ಲ ಏನೂ ಇಲ್ಲ, ಸುಮ್ಮನಿರು. ಅದು ಏನು ಹೇಳುತ್ತದೆಂದು ಒಬ್ಬರೂ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಆಮೇಲೆ ಎಲ್ಲ ಹೇಳಿದೆ.

"ಈ ಮಾತು ಮೊದಲ ಎಲ್ಲೆರ ಕೇಳಿದ್ರೇನು, 'ನಿನ್ನಿಂದ ಆಗೂದಿಲ್ಲ' ಅನ್ನೂದು?"

ಕೇಳಿದ್ದೆ. ಹಿಂದಿನ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು. ನಾನು ಶಾಲೆ ಬಿಟ್ಟ ಕೂಡಲೇ ರೈಲು ಹತ್ತಿ ಬ್ಯಾಡಗಿಗೆ ಬಂದು, ಅವರ ಹತ್ತಿರ ಕೂತು, ಬೆಳಿಗ್ಗೆ ಮತ್ತೆ ಶಾಲೆಗೆ ಓಡುತ್ತಿದ್ದೆ. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಮ್ಮ ಕಾಕಾ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಹೆಣ್ಮಗಳು ನೀ, ನಿನ್ನಿಂದ ಆಗೂದಿಲ್ಲ ಬಿಡು" ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಅಳುವುದಕ್ಕೂ ಪುರಸೊತ್ತಿಲ್ಲದೆ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದೆ. ದನಿ ಕಾಕಾನದಲ್ಲ, ಮಾತು ಮಾತ್ರ ಅವರದು.

"ಅಷ್ಟು ದಣಿದ್ರ, ಅಷ್ಟು ದುಃಖ ಒಳಗ ನುಂಗಿದ್ರ, ನಮ್ಮ ಮನಸಿನ ಮಾತ ಹೊರಗಿಂದ ಬಂದಂಗ ಕೇಳಿಸ್ಬಹುದುರಿ. ನಿಮ್ಮೊಬ್ರಿಗ ಅಲ್ಲ, ಭಾಳ ಮಂದಿಗೆ ಹಂಗ ಆಗಿರ್ತೈತಿ" ಎಂದರು ಆಕೆ. ಸ್ಪೀಕರಿನ ವಿಷಯದಲ್ಲಿ ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ನೀವು ಗಣಿತದ ಟೀಚರ್. ಖರೇ ಐತೋ ಇಲ್ಲೋ, ಹೆಂಗ ತಾಳೆ ನೋಡೂದು? ನೀವ ಹೇಳ್ರಿ" ಎಂದರು.

ಒಂದು ವಾರ ಯೋಚಿಸಿ ಉಪಾಯ ಹುಡುಕಿದೆ. ಮುಖ್ಯೋಪಾಧ್ಯಾಯಿನಿಯ ಒಪ್ಪಿಗೆ ಪಡೆದು ಒಂದು ಅವಧಿಗೆ ನನ್ನ ಕ್ಲಾಸಿಗೆ ಹೋದೆ. ನಾನು ಕಿತ್ತಿದ್ದ ವೈರನ್ನು ಮತ್ತೆ ಜೋಡಿಸಿಕೊಟ್ಟು ಯಜಮಾನರು ಹೊರಗೆ ನಿಂತಿದ್ದರು. ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತೆ. ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣ ಚಾಕಲೇಟ್ ಬಚ್ಚಿಟ್ಟಿದ್ದೆ. ಕಣ್ಣು ಸ್ಪೀಕರಿನ ಮೇಲಿಟ್ಟು ಮನಸ್ಸಿನಲ್ಲೇ ಗಟ್ಟಿಯಾಗಿ ಅಂದುಕೊಂಡೆ: ಮೊದಲು ಎದ್ದು ಬಂದವರಿಗೆ ಪೂರಾ ಪೊಟ್ಟಣ!

ಒಂದು ತಲೆಯೂ ಮೇಲೇಳಲಿಲ್ಲ. ಮತ್ತೆ ಅಂದುಕೊಂಡೆ, ಇನ್ನೂ ಜೋರಾಗಿ. ಕೊನೆಯ ಬೆಂಚಿನವರು ಆಕಳಿಸಿದರು. ಚಾಕಲೇಟ್ ಸುದ್ದಿ ಕೇಳಿಯೂ ಕೂತಲ್ಲೇ ಕೂರುವ ಮಕ್ಕಳು ನನ್ನ ಕ್ಲಾಸಿನಲ್ಲಿ ಇಲ್ಲವೇ ಇಲ್ಲ, ಅದು ನನಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. ಪೊಟ್ಟಣ ತೆಗೆದು ಎಲ್ಲರಿಗೂ ಹಂಚಿದೆ.

ಆ ನಂಬಿಕೆ ಒಂದೇ ದಿನಕ್ಕೆ ಕಳಚಿ ಬೀಳಲಿಲ್ಲ. ಮತ್ತೆ ಮತ್ತೆ ಬೇರೆ ಬೇರೆ ರೀತಿಯಲ್ಲಿ ತಾಳೆ ನೋಡಿದೆ; ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಸಡಿಲವಾಯಿತು. ದನಿ ಮಾತ್ರ ಆಗಾಗ ಬರುತ್ತಲೇ ಇತ್ತು. ಅದಕ್ಕೆ ಮದ್ದು ಕೊಟ್ಟವಳು ಅವ್ವ. ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದವಳು, "ನೀ ಸಣ್ಣಾಕಿ ಇದ್ದಾಗ ದೆವ್ವ ಬಂದು ಹೆಸರು ಹಿಡಿದು ಕರೀತೈತಿ ಅಂತ ಎಲ್ಲಾರೂ ಬಾಗಲದ ಮ್ಯಾಲೆ 'ನಾಳೆ ಬಾ' ಅಂತ ಬರೀತಿದ್ರು. ನೀನೂ ಹಂಗ ಅನ್ನಬೇ ಅದಕ್ಕ" ಎಂದಳು.

ಹಾವೇರಿಯಲ್ಲಿ ಇದನ್ನು ಹೇಳಿದಾಗ ಮನಶ್ಶಾಸ್ತ್ರಜ್ಞೆ ಮೇಜು ತಟ್ಟಿ ನಕ್ಕರು. "ನಿಮ್ಮವ್ವಾರು ಸರಿಯಾಗೇ ಹೇಳ್ಯಾರ. ದನಿ ಕೇಳೂದು ಬ್ಯಾರೆ, ಅದರ ಮಾತು ಕೇಳೂದು ಬ್ಯಾರೆ. ಅದಕ್ಕೊಂದು ಹೊತ್ತು ಗೊತ್ತು ಮಾಡ್ರಿ" ಎಂದರು. ಅಂದಿನಿಂದ ಸಂಜೆಯ ಚಹಾದ ನಂತರದ ಸ್ವಲ್ಪ ಹೊತ್ತು ಅದಕ್ಕೆ ಮೀಸಲು. ಬೇರೆ ಹೊತ್ತಿನಲ್ಲಿ ಬಂದರೆ, "ಈಗ ಪುರಸೊತ್ತಿಲ್ಲ, ಸಂಜೀಕ ಬಾ" ಎನ್ನುತ್ತೇನೆ. ಎಷ್ಟೋ ಸಂಜೆ ಅದು ಬರುವುದೇ ಇಲ್ಲ.

ಗುಳಿಗೆಯನ್ನು ವೈದ್ಯರು ಹೇಳಿದಷ್ಟೇ ತಗೊಳ್ಳುತ್ತೇನೆ, ನಿದ್ದೆ ತಪ್ಪಿಸುವುದಿಲ್ಲ. ಈ ವರ್ಷ ಹತ್ತನೆಯ ತರಗತಿಯ ಗಣಿತವನ್ನು ನಾನೇ ಕೇಳಿ ಪಡೆದುಕೊಂಡೆ. ಅಪ್ಪನ ಈ ಸಲದ ತಿಥಿಗೆ ಕಾಕಾನನ್ನೂ ಕರೆದಿದ್ದೆ. ಊಟ ಬಡಿಸುವಾಗ ಅವರಿಗೆ ನೇರವಾಗಿ ಹೇಳಿದೆ: "ಕಾಕಾ, ಅಪ್ಪನ್ನ ಕಡೀತನಕ ನಾನ ನೋಡ್ಕೊಂಡೆ. ನನ್ನಿಂದ ಆತು." ಅವರು ತಲೆ ತಗ್ಗಿಸಿ, "ಹೌದು ನನ್ನವ್ವಾ, ಆತು" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.