ಅಂಟುಪಟ್ಟಿ ಸಡಿಲಾದ ಮಧ್ಯಾಹ್ನ

ಕಾರವಾರದ ಆಸ್ಪತ್ರೆಯೊಂದರಲ್ಲಿ, ಆಗಷ್ಟೇ ಹುಟ್ಟಿದ ಕಾಯಿಲೆಯ ಮಕ್ಕಳನ್ನಿಡುವ ವಾರ್ಡಿನಲ್ಲಿ ನಾನು ನರ್ಸು. ಬೆಳಿಗ್ಗೆ ಅಂಕೋಲೆಯಿಂದ ಬಸ್ಸು, ಸಂಜೆ ಅಂಕೋಲೆಗೆ ಬಸ್ಸು. ನಡುವೆ ಕೂರಲು ಪುರುಸೊತ್ತಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ಕಳೆದು, ಕಾಲುನೋವು ಈಗ ರಜೆಯ ದಿನವೂ ಬಿಡುವುದಿಲ್ಲ. ಎಷ್ಟೋ ಮಕ್ಕಳ ಮುಖ ಮರೆತಿದೆ. ಹಟ್ಟಿಕೇರಿಯ ಆ ಗಂಡುಮಗುವನ್ನು ಮಾತ್ರ ಮರೆಯಲಾಗಿಲ್ಲ.

ಹುಟ್ಟಿದ ಎರಡನೇ ದಿನ ಅದರ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡಿತು. ಡಾಕ್ಟರು ಪಕ್ಕೆಲುಬುಗಳ ನಡುವೆ ಸಣ್ಣ ನಳಿಕೆ ಇಳಿಸಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಬಿಟ್ಟರು. ಸೋರಿದ ಗಾಳಿ ಹೊರಬಂದು ನೀರಿನಲ್ಲಿ ಗುಳ್ಳೆಗಳೆದ್ದವು, ಮಗುವಿನ ತುಟಿಗೆ ಬಣ್ಣ ಬಂತು. ನಳಿಕೆ ಜರುಗದಂತೆ ಅಂಟುಪಟ್ಟಿ ಹಚ್ಚಿದವಳು ನಾನು.

ಮರುದಿನ ಮಧ್ಯಾಹ್ನ ಪಟ್ಟಿಯ ಅಂಚು ಎದ್ದದ್ದು ಕಣ್ಣಿಗೆ ಬಿತ್ತು. ಪಕ್ಕದ ಮಗುವಿಗೆ ಹಾಲು ಕೊಟ್ಟು ಬಂದು ಸರಿಮಾಡೋಣ ಎಂದುಕೊಂಡೆ. ಅಂದು ಇಬ್ಬರ ಕೆಲಸ ನನ್ನೊಬ್ಬಳ ಮೇಲಿತ್ತು. ತಿರುಗಿ ಬರುವಷ್ಟರಲ್ಲಿ ಮಗುವಿನ ಉಸಿರು ಅಳೆಯುವ ಮಷೀನು ಕೂಗುತ್ತಿತ್ತು. ನಳಿಕೆ ಅರ್ಧ ಹೊರಬಂದು, ಮಗು ನೀಲಿಗಟ್ಟಿತ್ತು.

ಡಾಕ್ಟರು ಓಡಿ ಬಂದು ಹೊಸ ನಳಿಕೆ ಹಾಕಿದರು. ಈ ಸಲ ಅದರಲ್ಲಿ ರಕ್ತ ಬಂತು. ಅಂಗೈಯಗಲದ ಎದೆ ಅದು. ಕೂದಲೆಳೆಯಷ್ಟು ಆಚೀಚೆಯಾದರೂ ಶ್ವಾಸಕೋಶಕ್ಕೇ ತಾಗುತ್ತದೆ. ಕೂಡಲೇ ಎಕ್ಸ್‌ರೇ ತೆಗೆಸಿದರು. ನಳಿಕೆಯ ತುದಿ ಹೆಚ್ಚು ಒಳಗೆ ಹೋಗಿತ್ತು. ಸ್ವಲ್ಪ ಹಿಂದಕ್ಕೆಳೆದರು. ರಕ್ತ ನಿಧಾನವಾಗಿ ಕಡಿಮೆಯಾಯಿತು.

ಹೊರಗೆ ಬೆಂಚಿನ ಮೇಲೆ ತಾಯಿ ಕೂತಿದ್ದಳು. ಗದ್ದೆ ಕೆಲಸ ಮಾಡುವವಳು, ಇನ್ನೂ ಇಪ್ಪತ್ಮೂರೋ ಇಪ್ಪತ್ನಾಲ್ಕೋ.

"ಎಂತಾಯ್ತು ಸಿಸ್ಟರ್? ಎಲ್ಲಾ ಓಡಿದ್ರಲ್ಲ?"

ನಳಿಕೆ ತಾನಾಗಿ ಜಾರಿತು ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳುವಷ್ಟೂ ತ್ರಾಣ ಉಳಿದಿರಲಿಲ್ಲವೋ ಏನೋ.

"ಎದೆಯ ನಳಿಕೆ ಜಾರಿ ಹೊರಬಂತು. ಅದ್ರ ಪಟ್ಟಿ ಸಡಿಲ ಆದದ್ದು ನಾ ನೋಡಿದ್ದೆ ತಂಗಿ. ಕೂಡ್ಲೇ ಸರಿ ಮಾಡ್ಬೇಕಿತ್ತು. ಮಾಡ್ಲಿಲ್ಲ. ತಪ್ಪು ನಂದು."

ಅವಳು ಬೆಂಚಿನಿಂದ ಎದ್ದಳು. "ಈಗ ಉಸ್ರಾಡ್ತದ್ಯಾ?"

"ಆಡ್ತದೆ."

"ಹಂಗಾರೆ ಇಲ್ಲೆಂತಕ್ಕೆ ನಿಂತದ್ದು? ಒಳಗೆ ಹೋಗಿ ಅದ್ರ ಹತ್ರ ಕೂತ್ಕಣಿ."

ದನಿಯಲ್ಲಿ ಸಿಟ್ಟಿತ್ತು. ಹೋಗಿ ಕೂತೆ. ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಕೊಟ್ಟೆ. ಮರುದಿನವೂ ಇಬ್ಬರ ಕೆಲಸ ನನ್ನ ಮೇಲೆಯೇ ಇತ್ತು.

ಐದು ದಿನದ ನಂತರ ನಳಿಕೆ ತೆಗೆದರು. ತಿಂಗಳು ಕಳೆದು ತಪಾಸಣೆಗೆ ಬಂದಾಗ ಮಗುವಿನ ಕಂಕುಳ ಕೆಳಗೆ ಎರಡು ಕಲೆಗಳಿದ್ದವು. ತಾಯಿ ನನ್ನ ಕಡೆ ನಗಲಿಲ್ಲ. ಡಾಕ್ಟರ ಕೋಣೆಯ ಬಾಗಿಲಲ್ಲಿ ಮಾತ್ರ, "ಚಪ್ಲಿ ಬಿಚ್ಚಬೇಕು, ಸ್ವಲ್ಪ ಹಿಡ್ಕಣಿ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು.

ಹಿಡಿದುಕೊಂಡೆ. ಒಳ್ಳೇ ಭಾರವಾಗಿತ್ತು.