ಕೆಂಪು ಬಟನ್ ಬಗ್ಗೆ ಒಂದು ತಿದ್ದುಪಡಿ

ನನ್ನ ಡೈರಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ನೆನಪಿನ ಮೇಲೆ ಅದಕ್ಕಿಂತ ಕಡಿಮೆ. ಎರಡೂ ಒಂದೇ ಮಾತು ಹೇಳಿದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಒಂದು ಇನ್ನೊಂದನ್ನು ನೋಡಿ ಬರೆದಿರಬಹುದು. ಈ ಸಂಗತಿಗೆ ಮಾತ್ರ ಮೂರನೆಯ ಸಾಕ್ಷಿಯೊಂದಿದೆ. ಅದು ಎರಡು ಪುಟದ ಒಂದು ಜೆರಾಕ್ಸ್ ಹಾಳೆ. ಅದರ ಸಂಪಾದಕಿಯೂ ನಾನೇ ಆಗಿದ್ದೆ, ಹಾಗಾಗಿ ಸಾಕ್ಷಿ ಎಷ್ಟು ಸ್ವತಂತ್ರ ಎಂದು ಹೇಳಲಾರೆ.

ಎರಡು ಸಾವಿರದ ಒಂದೋ ಎರಡೋ ಇರಬೇಕು. ನಾನು ಎಂ.ಎಸ್ಸಿ ಮುಗಿಸಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಆಗ ಪ್ರೋಗ್ರಾಂ ಬರೆಯುವುದೆಂದರೆ ಅರ್ಧ ಕೆಲಸ ಫಾರಂ, ಅಂದರೆ ಬಳಸುವವರಿಗೆ ಕಾಣುವ ಪರದೆ, ಕಟ್ಟುವುದು. ಪರದೆಯ ಎಡಗಡೆಯ ಟೂಲ್‌ಬಾಕ್ಸ್‌ನಿಂದ ಬಟನ್ ಒಂದನ್ನು ಮೌಸ್‌ನಲ್ಲಿ ಎಳೆದು ತಂದು ಬೇಕಾದ ಕಡೆ ಬಿಡಬೇಕು, ಬಣ್ಣ ಕೊಡಬೇಕು, ಒತ್ತಿದರೆ ಏನಾಗಬೇಕೆಂದು ಹಿಂದೆ ನಾಲ್ಕು ಸಾಲು ಬರೆಯಬೇಕು. ಊರಲ್ಲಿ ಈ ಕೆಲಸ ಮಾಡುವವರು ನಾವು ಹತ್ತು ಹನ್ನೆರಡು ಜನ ಇದ್ದೆವು. ತಿಂಗಳಿಗೊಂದು ಭಾನುವಾರ ಕೇಂದ್ರದ ಲ್ಯಾಬಿನಲ್ಲಿ ಸೇರುತ್ತಿದ್ದೆವು. ಯಾರಿಗೆ ಯಾವ ಹೊಸ ಟೂಲ್ ಸಿಕ್ಕಿತು, ಯಾವ ಪತ್ರಿಕೆಯ ಜೊತೆ ಯಾವ ಸಿ.ಡಿ ಬಂತು, ಯಾರ ಪ್ರೋಗ್ರಾಂ ಎಲ್ಲಿ ಕೂತಿದೆ, ಎಲ್ಲಿ ಎದ್ದು ಹೋಗಿದೆ, ಇದೆಲ್ಲ ನಾವು ತಿಂಗಳಿಗೊಮ್ಮೆ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದ ಆ ಹಾಳೆಯ ಸುದ್ದಿ. ಸುದ್ದಿ ಕಡಿಮೆ ಬಿದ್ದ ತಿಂಗಳು ನಾನು ಸಲಹೆಗಳನ್ನು ಬರೆಯುತ್ತಿದ್ದೆ.

ಒಂದು ಸಂಚಿಕೆಯಲ್ಲಿ ದುಂಡು ಬಟನ್‌ಗಳ ಬಗ್ಗೆ ಬರೆದಿದ್ದೇನೆ. ಅದು ಸಿ.ಡಿಯೊಂದರಲ್ಲಿ ಪುಕ್ಕಟೆ ಬಂದಿದ್ದ ಕಿಟ್. ಬಟನ್‌ಗಳು ಉಬ್ಬಿಕೊಂಡು ಹೊಳೆಯುತ್ತಿದ್ದವು, ಒತ್ತಿದರೆ ಒಳಗೆ ಹೋಗಿ ಬಂದಂತೆ ಕಾಣುತ್ತಿದ್ದವು. ಒಳ್ಳೆಯ ಫಾರಂಗೆ ಅಕ್ಷರವೇ ಬೇಡ, ಬಣ್ಣ ಸಾಕು ಎಂದು ಬರೆದಿದ್ದೇನೆ. ಅಪಾಯದ ಬಟನ್‌ಗೆ ಕೆಂಪು ಕೊಡಿ, ಯಾರೂ ಮುಟ್ಟುವುದಿಲ್ಲ ಎಂದೂ ಬರೆದಿದ್ದೇನೆ. ಈ ವಾಕ್ಯ ಬೇರೆ ಯಾರದ್ದೋ ಇರಬೇಕೆಂದು ಬಹಳ ವರ್ಷ ಅಂದುಕೊಂಡಿದ್ದೆ. ಹಾಳೆಯಲ್ಲಿ ಅದರ ಕೆಳಗೆ ನನ್ನ ಇನಿಷಿಯಲ್ ಇದೆ.

ಅದೇ ಕಿಟ್ ಹಾಕಿ ಭದ್ರಾವತಿಯ ಜನ್ನಾಪುರದಲ್ಲಿ ಒಂದು ಓದುಗರ ಸಂಘದ ಲೈಬ್ರರಿಗೆ ಪ್ರೋಗ್ರಾಂ ಮಾಡಿಕೊಟ್ಟೆ. ಲೈಬ್ರರಿ ಅಂದರೆ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ, ಆರು ಬೀರು, ಕಾರ್ಡುಗಳ ಮರದ ಡ್ರಾಯರುಗಳು, ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರ್. ಕಾರ್ಡುಗಳನ್ನೆಲ್ಲ ಅದಕ್ಕೆ ತುಂಬಲು ಒಬ್ಬರು ಮುಂದೆ ಬಂದರು. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಂಟ್ರೋಲ್ ಪ್ಯಾನೆಲ್ ಮುಂದೆ ಕೂತು ವಿ.ಆರ್.ಎಸ್ ತಗೊಂಡವರು. ಅವರ ಅಪ್ಪ ಸೇಲಂ ಕಡೆಯಿಂದ ಕೆಲಸಕ್ಕೆ ಬಂದವರಂತೆ. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಕಾರ್ಖಾನೆಯ ಸೈರನ್ ಆಗುವಾಗ ಅವರು ಬೂಟು ಹಾಕುತ್ತಿದ್ದರು; ಹಾಕಿದ ಮೇಲೆ ಎಲ್ಲಿಗೆ ಹೋಗುವುದು ಅನ್ನುವುದೇ ಸಮಸ್ಯೆಯಾಗಿತ್ತು. ಲೈಬ್ರರಿಯ ಆ ಕುರ್ಚಿ ಸಿಕ್ಕ ಮೇಲೆ ಆ ಸಮಸ್ಯೆ ಉಳಿಯಲಿಲ್ಲ.

ಫಾರಂ ತೋರಿಸಿದ ದಿನ ಅವರಿಗೆ ಸಂತೋಷವಾಯಿತು. "ನಮ್ಮ ಪ್ಯಾನೆಲ್ ತರಾನೇ ಇದೆಯಲ್ಲಮ್ಮಾ," ಎಂದರು. ಹಸಿರು ಸೇರಿಸುವುದಕ್ಕೆ, ಹಳದಿ ತಿದ್ದುವುದಕ್ಕೆ. ಬಲತುದಿಯ ಕೆಂಪು ಮಾತ್ರ ನನ್ನದು. ಪರೀಕ್ಷೆಗೆಂದು ತುಂಬಿದ ಸುಳ್ಳು ಪುಸ್ತಕಗಳನ್ನು ಒಟ್ಟಿಗೆ ಅಳಿಸಲು ಇಟ್ಟುಕೊಂಡಿದ್ದೆ, ತೆಗೆಯಲು ಮರೆತಿದ್ದೆ.

"ಕೆಂಪು ಯಾವುದಕ್ಕಮ್ಮಾ?" ಎಂದು ಕೇಳಿದರು. ಇಲ್ಲಿಯವರೆಗೆ ನೆನಪು ಸ್ಪಷ್ಟ. ನಾನೇನು ಹೇಳಿದೆ? "ಅದನ್ನ ಮುಟ್ಟಬೇಡಿ" ಎಂದೆನೇ, "ಅದು ನನ್ನ ಕೆಲಸಕ್ಕೆ ಇಟ್ಟಿದ್ದು" ಎಂದು ತೇಲಿಸಿದೆನೇ? ಆ ದಿನದ ಡೈರಿಯಲ್ಲಿ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂದಿದೆ, ಮೆಣಸಿನಕಾಯಿ ಬಜ್ಜಿ ತಿಂದದ್ದಿದೆ.

ಎಂಟು ತಿಂಗಳು ಅವರು ಟೈಪ್ ಮಾಡಿದರು. ಎರಡೇ ಬೆರಳಿನಲ್ಲಿ, ಒಂದು ದಿನವೂ ತಪ್ಪದೆ. 'ಬ' ಡ್ರಾಯರಿಗೆ ಬಂದಾಗ ಒಂದು ಬೆಳಿಗ್ಗೆ ಕಾರ್ಡ್ ಸೇರಿಸುತ್ತಿದ್ದಂತೆ ಪರದೆ ನಿಂತುಹೋಯಿತು. ಕಾರ್ಖಾನೆಯಲ್ಲಿ ಅವರಿಗೆ ಮೊದಲ ದಿನ ಕಲಿಸಿದ್ದು ಒಂದೇ: ಏನಾದರೂ ಅನುಮಾನ ಬಂದರೆ ಕೆಂಪು ಒತ್ತು, ಎಲ್ಲ ನಿಲ್ಲುತ್ತದೆ, ಒತ್ತಿದವನನ್ನು ಯಾರೂ ಬೈಯುವುದಿಲ್ಲ. ಒತ್ತಿದರು. ಸ್ವಲ್ಪ ಹೊತ್ತಿಗೆ ಪರದೆ ಚೇತರಿಸಿಕೊಂಡು, ಖಚಿತವೇ ಎಂದು ಕೇಳಿತು. ಅವರು ಹೌದು ಎಂದರು. ಪಟ್ಟಿ ಖಾಲಿಯಾಯಿತು.

ನಾನು ಮಾರನೆಯ ದಿನ ಬಸ್ಸು ಹತ್ತಿ ಹೋದೆ. ಅವರು ಕುರ್ಚಿ ಬಿಟ್ಟು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು.

"ಖಚಿತವಾ ಅಂತ ಕೇಳ್ತಮ್ಮಾ," ಎಂದರು. "ಖಚಿತ ಇಲ್ದೆ ಯಾರಾದ್ರೂ ಕೆಂಪು ಒತ್ತುತಾರಾ?"

ಸಂಘದ ಅಧ್ಯಕ್ಷರು ನಿವೃತ್ತ ಸಂಸ್ಕೃತ ಮೇಷ್ಟ್ರು. ಯಾರ ಮೇಲೂ ರೇಗುವವರಲ್ಲ. ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆಯುವವರು. ಪೆನ್ನಿನ ಕ್ಯಾಪ್ ತೆಗೆದು ಕೇಳಿದರು, "ಇದನ್ನ ಒತ್ತಬಾರದು ಅಂತ ನೀವು ಇವರಿಗೆ ಹೇಳಿದ್ರಾ ಮೇಡಂ?"

"ಹೇಳಿದ್ದೆ," ಎಂದೆ.

ಎಷ್ಟು ಬೇಗ ಹೇಳಿದೆನೆಂದರೆ, ಆಗ ನನಗೂ ಅದು ನಿಜ ಅನ್ನಿಸಿತು. ಅಧ್ಯಕ್ಷರು ಬರೆದುಕೊಂಡರು. ಇವರು ಇನ್ನು ಕಂಪ್ಯೂಟರ್ ಮುಟ್ಟಬಾರದೆಂದು ಆ ವಾರವೇ ಸಮಿತಿ ತೀರ್ಮಾನಿಸಿತು. ನಮ್ಮ ಹಾಳೆಯ ಆ ತಿಂಗಳ ಸಂಚಿಕೆಯಲ್ಲಿ ನಾನೂ ಮೂರು ಸಾಲು ಹಾಕಿದೆ: ಬಳಕೆದಾರರ ತಪ್ಪಿನಿಂದ ಭದ್ರಾವತಿಯ ಲೈಬ್ರರಿಯೊಂದರ ಪಟ್ಟಿ ನಾಶ, ಎಲ್ಲರೂ ಬ್ಯಾಕಪ್ ಇಟ್ಟುಕೊಳ್ಳುವುದು ಒಳ್ಳೆಯದು. ಆ ಪ್ರೋಗ್ರಾಂನಲ್ಲಿ ಬ್ಯಾಕಪ್ ಸೌಲಭ್ಯವನ್ನೇ ನಾನು ಕೊಟ್ಟಿರಲಿಲ್ಲ. ಅದನ್ನು ಬರೆಯಲಿಲ್ಲ, ಸ್ಥಳಾಭಾವ ಎಂದು ಆಗ ಅಂದುಕೊಂಡಿರಬೇಕು. ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇದೆ.

ಕೇಂದ್ರದಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳತಿಯ ತವರು ಜನ್ನಾಪುರ. ಅವಳು ಊರಿಗೆ ಹೋಗಿಬಂದು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಾ ಹೇಳಿದಳು, "ನಿನ್ನ ಹಾಳೆನ ಲೈಬ್ರರಿ ಬೋರ್ಡಿಗೆ ಚುಚ್ಚಿದ್ದಾರೆ. ಬಳಕೆದಾರ ಅಂದ್ರೆ ಯಾರು ಅಂತ ಇಡೀ ಬೀದಿಗೆ ಗೊತ್ತು."

"ಹೆಸರು ಹಾಕಿಲ್ಲವಲ್ಲ."

"ಇರೋದೇ ಒಬ್ಬ ಬಳಕೆದಾರ ಮಾರಾಯ್ತಿ. ಪಾಪ, ಆ ಮನುಷ್ಯ ಬೆಳಿಗ್ಗೆ ಬೂಟು ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕೂತಿರ್ತಾರಂತೆ. ಬಸ್ ಹತ್ತಲ್ಲ. ನೀನು ನಿಜವಾಗ್ಲೂ ಹೇಳಿದ್ಯಾ, ಒತ್ತಬೇಡಿ ಅಂತ?"

"ಹೇಳಿರ್ತೀನಿ."

"ಹೇಳಿದ್ದೆ ಅನ್ನೋದು ಬೇರೆ, ಹೇಳಿರ್ತೀನಿ ಅನ್ನೋದು ಬೇರೆ," ಎಂದು ಅವಳು ಉಪ್ಪಿನಕಾಯಿ ನನ್ನ ಕಡೆ ತಳ್ಳಿದಳು.

ಮುಂದಿನ ಸಂಚಿಕೆಯ ತಿದ್ದುಪಡಿಯನ್ನು ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆನೆಂದು ನನ್ನ ನೆನಪು. ಹಾಳೆ ಈಗ ಮುಂದಿದೆ. ಅದು ಎರಡನೇ ಪುಟದಲ್ಲಿ, ಬಟನ್‌ಗಳನ್ನು ಒಂದೇ ಸಾಲಿಗೆ ಹೊಂದಿಸುವ ಸಲಹೆಯ ಕೆಳಗಿದೆ. ಆದರೆ ಇರಬೇಕಾದ್ದು ಇದೆ. ಆ ಬಟನ್ ಅಲ್ಲಿ ಇರಬಾರದಾಗಿತ್ತು, ಬ್ಯಾಕಪ್ ನಾನು ಕೊಟ್ಟಿರಲಿಲ್ಲ, ಒತ್ತಬೇಡಿ ಎಂದು ಹೇಳಿದ ನೆನಪು ನನಗಿಲ್ಲ, ಅಧ್ಯಕ್ಷರ ಮುಂದೆ 'ಹೇಳಿದ್ದೆ' ಎಂದದ್ದು ತಪ್ಪು. ಕಾರ್ಖಾನೆ ಊರಲ್ಲಿ ಕೆಂಪಿಗೆ ಏನರ್ಥವೆಂದು ವಿಚಾರಿಸದೆ ಬಣ್ಣ ಹಚ್ಚಿದ್ದೂ ನಾನೇ.

ಹಾಳೆಯನ್ನೂ ಕೆಂಪು ಬಟನ್ ತೆಗೆದ ಹೊಸ ಫ್ಲಾಪಿಯನ್ನೂ ಹಿಡಿದು ಹೋದೆ. ಅಧ್ಯಕ್ಷರು ಎರಡು ಸಲ ಓದಿದರು.

"ಜ್ಞಾಪಕ ಇಲ್ಲ ಅಂದ್ರೆ, ಹೇಳಿರಬಹುದು ಅಂತಾನೂ ಆಗುತ್ತಲ್ಲ ಮೇಡಂ?"

"ಆಗುತ್ತೆ ಸಾರ್."

"ಹಾಗಾದ್ರೆ ನಡಾವಳಿಯಲ್ಲಿ ಏನಂತ ಬರೀಲಿ?"

"ನನ್ನ ಮಾತನ್ನ ಹಿಂದಕ್ಕೆ ತಗೊಂಡೆ ಅಂತ ಬರೀರಿ."

ಅವರು ಬರೆದರು, ನನ್ನಿಂದ ರುಜು ಹಾಕಿಸಿಕೊಂಡರು. ಮುಂದಿನ ಸೋಮವಾರದಿಂದ ಸದರಿಯವರು ಕಂಪ್ಯೂಟರ್ ಮುಂದೆ ಕೂರಬಹುದೆಂದು ಸಮಿತಿ ಒಪ್ಪಿತು.

ಆ ಸೋಮವಾರ ಫ್ಲಾಪಿಯಿಂದ ಹೊಸ ಪ್ರೋಗ್ರಾಂ ಹಾಕಿಕೊಡಲು ನಾನೂ ಹೋಗಿದ್ದೆ. ಕೆಳಗೆ ಗಿರಣಿ ಓಡುತ್ತಿತ್ತು, ಕೀಬೋರ್ಡಿನ ಮೇಲೆ ಹಿಟ್ಟು ಕೂತಿತ್ತು. ಅವರು ಕರವಸ್ತ್ರದಿಂದ ಒರೆಸಿ ಕೂತರು. ಮತ್ತೆ 'ಅ' ಡ್ರಾಯರನ್ನೇ ಎಳೆದುಕೊಂಡರು. ನಾನು ಕ್ಷಮೆ ಕೇಳಲು ಶುರುಮಾಡಿದೆ. ಅಧ್ಯಕ್ಷರು ಬೀರುಗಳ ಹಿಂದೆ ಇದ್ದಾರೆಯೇ ಎಂದು ಅವರು ಒಮ್ಮೆ ತಿರುಗಿ ನೋಡಿದರು.

"ನೀವು ಹೇಳಿದ್ರಿ ಅಮ್ಮಾ," ಎಂದರು, ಗಿರಣಿ ಸದ್ದಿನೊಳಗೆ ನನಗಷ್ಟೇ ಕೇಳುವಂತೆ. "ಮುಟ್ಟಬೇಡಿ ಅಂದ್ರಿ. ನನಗೆ ಚೆನ್ನಾಗಿ ಜ್ಞಾಪಕ ಇದೆ. ಹೇಳಿದ್ರೂ ಕೈ ಹೋಯ್ತು. ಮೂವತ್ತು ವರ್ಷದ ಕೈ ಅಲ್ವಾ?"

ನನ್ನ ಮನಸ್ಸು ಹಗುರವಾಗಲಿ ಎಂದು ಹಾಗೆ ಹೇಳಿದರೋ, ನಿಜವಾಗಿ ನಾನು ಹೇಳಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅವರ ಮುಖದಲ್ಲಿ ಹುಡುಕಿದೆ. ಅವರು ಆಗಲೇ ಮೊದಲ ಕಾರ್ಡನ್ನು ಪರದೆಗೆ ಒರಗಿಸಿಟ್ಟು, ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ಹುಡುಕುತ್ತಿದ್ದರು.

ಪತ್ರಿಕಾಧರ್ಮದ ಪ್ರಕಾರ ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಹಾಕಬೇಕಿತ್ತು. ಹಾಕಲಿಲ್ಲ. ಹಾಕಿದ್ದರೆ ಅಧ್ಯಕ್ಷರು ಅದನ್ನೂ ಬೋರ್ಡಿಗೆ ಚುಚ್ಚಿ, ನಡಾವಳಿ ಪುಸ್ತಕ ತೆಗೆದು, ಅವರನ್ನು ಮತ್ತೆ ಕುರ್ಚಿಯಿಂದ ಎಬ್ಬಿಸುತ್ತಿದ್ದರು.