ಮಾಳವ್ವ ಚಹಾ ಬೇಡವೆಂದ ದಿನ

ಮಾಳವ್ವ ಬೀಸಿ ಕೊಟ್ಟ ಹೊಡೆತಕ್ಕೆ ಚೆಂಡು ಎರಡು ಹೋಳಾಯಿತು. ಒಂದು ಹೋಳು ನೆಟ್ಟಿನ ಆಚೆ ಬಿತ್ತು, ಇನ್ನೊಂದು ಈಚೆಗೇ ಉರುಳಿತು. ಪಾಯಿಂಟು ಯಾರದು ಎಂದು ಬೆಳ್ಳಂಬೆಳಗ್ಗೆ ಜಗಳ ಹತ್ತಿಕೊಂಡಿತು.

“ಆಚೆ ಬಿದ್ದದ್ದು ದೊಡ್ಡ ಹೋಳು. ಪಾಯಿಂಟು ನಂದ,” ಎಂದಳು ಮಾಳವ್ವ.

“ಸಣ್ಣ ಹೋಳು ನಿಮ್ಮ ಕಾಲಾಗ ಬಿದ್ದೈತಲ್ರಿ ಅಕ್ಕಾ, ಅದಕ್ಕೇನ್ ಹೇಳ್ತೀರಿ?” ಎಂದ ಎದುರಿಗಿದ್ದ ಮುಕ್ತಾರ. ಸ್ಟೇಶನ್ ರೋಡಿನಲ್ಲಿ ಬ್ಯಾಟರಿ ಅಂಗಡಿ ಇಟ್ಟವನು. ಅಂಗಡಿಯಲ್ಲಿ ಎಷ್ಟು ಬೇಕಾದರೂ ರಿಯಾಯಿತಿ ಕೊಟ್ಟಾನು, ಆಟದಲ್ಲಿ ಮಾತ್ರ ಒಂದು ಪಾಯಿಂಟೂ ಬಿಡುವವನಲ್ಲ.

ಮಾಳವ್ವನ ಜೋಡಿ ಆಡುತ್ತಿದ್ದ ಶಶಿಕಾಂತ ಮಾಸ್ತರು ಎರಡೂ ಹೋಳು ಆರಿಸಿಕೊಂಡು ಕೂಡಿಸಿ ನೋಡಿದರು. ಅವರು ಧಾರವಾಡದ ನಿವೃತ್ತ ಪ್ರಾಧ್ಯಾಪಕರು. ಈ ಆಟದ ಸಲುವಾಗಿ ದಿನಾ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬರುತ್ತಿದ್ದರು. “ಜಗಳ ಸಾಕ್ರಿ,” ಎಂದರು ಮೆಲ್ಲಗೆ. “ಕ್ಲಬ್ಬಿನ್ಯಾಗ ಇದ್ದ ಕಡೀ ಚೆಂಡು ಇದರಿ.”

ಮುಕ್ತಾರ ಬ್ಯಾಟು ಕೆಳಗಿಟ್ಟ.

ದೇಶಪಾಂಡೆ ನಗರದ ಈ ನವಚೇತನ ಫಿಟ್ನೆಸ್ ಕ್ಲಬ್ಬು ಒಂದು ಕಾಲಕ್ಕೆ ಹತ್ತಿಯ ಗೋದಾಮು. ಅದನ್ನು ಕ್ಲಬ್ಬು ಮಾಡಿದವನು ಪಂಢರಿನಾಥ, ದುರ್ಗದಬೈಲಿನ ಬಟ್ಟೆ ವ್ಯಾಪಾರದ ಮನೆತನದವನು. ಶುರುವಿಗೆ ಪಿಕಲ್‌ಬಾಲಿನದೇ ಸಂಭ್ರಮ. ಕೈಯಲ್ಲಿ ಹಲಗೆಯಂಥ ಬ್ಯಾಟು, ತೂತು ತೂತಿನ ಪ್ಲಾಸ್ಟಿಕ್ ಚೆಂಡು, ನಡುವೆ ಸೊಂಟದೆತ್ತರದ ನೆಟ್ಟು. ಅಜ್ಜನಿಂದ ಮೊಮ್ಮಗಳವರೆಗೆ ಯಾರೂ ಆಡಬಹುದಾದ ಆಟ. ಮೂರು ಅಂಕಣ, ಬುಟ್ಟಿ ತುಂಬ ಚೆಂಡು, ಪುಣೆಯಲ್ಲಿ ಕಲಿತು ಬಂದ ಕೋಚು. ಆಮೇಲೆ ಏನಾಯಿತೋ, ಒಂದೊಂದೇ ಕಳಚುತ್ತ ಬಂತು. ಒಂದು ಅಂಕಣದಲ್ಲಿ ಝುಂಬಾ ಕುಣಿತ ಸೇರಿತು. ಇನ್ನೊಂದರಲ್ಲಿ ಕೆಟ್ಟ ಟ್ರೆಡ್‌ಮಿಲ್ಲುಗಳು ಬಂದು ಮಲಗಿದವು. ಕೋಚು ಹೇಳದೆ ಕೇಳದೆ ಹೋದ. ಉಳಿದ ಒಂದೇ ಅಂಕಣದ ನೆಟ್ಟು ಜೋತು ಬಿದ್ದಾಗ ಮಾಳವ್ವ ಮನೆಯಿಂದ ಲಂಗದ ಲಾಡಿ ತಂದು ಬಿಗಿದಳು. ಈಗ ಆ ಅಂಕಣದ ಗೋಡೆಗೂ ಬಣ್ಣದ ಬೋರ್ಡು ಬಂದಿತ್ತು: ದಸರೆ ಮುಗಿದ ಮೇಲೆ ಇಲ್ಲಿ ಹುಟ್ಟುಹಬ್ಬದ ಹಾಲ್.

ಬೋರ್ಡು ನೋಡಿದ ದಿನದಿಂದ ಮಾಳವ್ವನಿಗೆ ಊಟ ರುಚಿಸುತ್ತಿರಲಿಲ್ಲ. ಒಂದು ಆಟಕ್ಕೆ ಇಷ್ಟೇಕೆ ಎಂದು ನೀವು ಕೇಳಬಹುದು. ಕೇಳುವ ಮೊದಲು ಅವಳ ಕತೆ ಕೇಳಿರಿ.

ಮಾಳವ್ವ ಹುಟ್ಟಿದ್ದು ಕೆಲಗೇರಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಕೆರೆಯ ದಂಡೆಗೆ ಇಳಿದ ಕುರಿಯನ್ನು ಕಲ್ಲೆಸೆದು ತಿರುಗಿಸುವುದು ಅವಳ ಪಾಲಿನ ಕೆಲಸ. ಕಲ್ಲು ಕುರಿಗೆ ಬೀಳಬಾರದು, ಅದರ ಮೂಗಿನ ಮುಂದೆಯೇ ಬೀಳಬೇಕು. ಸಾಲೆ ನಾಲ್ಕನೇ ಇಯತ್ತೆಗೆ ಮುಗಿಯಿತು. ಮದುವೆಯಾಗಿ ಹುಬ್ಬಳ್ಳಿಗೆ ಬಂದಳು. ಗಂಡ ಬೀರಪ್ಪನದು ದುರ್ಗದಬೈಲಿನ ಹಿಂದೆ ಜೋಳದ ರೊಟ್ಟಿಯ ಅಂಗಡಿ. ಅಂದಿನಿಂದ ರೊಟ್ಟಿ ಬಡಿದದ್ದೇ ಬಡಿದದ್ದು. ಕೈ ಅಷ್ಟು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಹೋದ ವರುಷ ಸಕ್ಕರೆ ಕಾಯಿಲೆ ಬಂತು. ಮೈ ಬೆವರಬೇಕು ಎಂದರು ಡಾಕ್ಟರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಗೀತಾಂಜಲಿ ಅತ್ತೆಯನ್ನು ಕರೆದೊಯ್ದು ಕ್ಲಬ್ಬಿಗೆ ಸೇರಿಸಿಯೇ ಬಿಟ್ಟಳು. “ಅತ್ತಿ, ಮುಂಜಾನೆ ರೊಟ್ಟಿ ನಾ ನೋಡ್ಕೋತೇನಿ. ನೀವು ಹೋಗಿ ಆಡ್ರಿ,” ಎಂದಳು.

ಆ ಒಂದು ಮಾತನ್ನು ಮಾಳವ್ವ ಎರಡು ಸಲ ಹೇಳಿಸಿ ಕೇಳಿದಳು. ಹುಟ್ಟಿದಾಗಿನಿಂದ ಅವಳಿಗೆ ಮಾಡು ಅಂದವರಿದ್ದರು, ನೀಡು ಅಂದವರಿದ್ದರು. ತಾ, ತೊಳಿ, ಏಳು, ಲಗೂ ಬಾ ಅಂದವರಂತೂ ಓಣಿ ತುಂಬ ಇದ್ದರು. ಆಡು ಅಂದವರು ಒಬ್ಬರೂ ಇರಲಿಲ್ಲ.

ಮೊದಲ ದಿನ ಕೋಚು ನೆಟ್ಟಿನ ಹತ್ತಿರದ ಜಾಗ ತೋರಿಸಿ, “ಇದಕ್ಕ ಕಿಚನ್ ಅಂತಾರ್ರಿ. ಇದರಾಗ ನಿಂತು, ನೆಲಕ್ಕ ಬಿದ್ದು ಪುಟಿಯದ ಚೆಂಡು ಹೊಡಿಬಾರದು,” ಎಂದು ಸೊಂಟದ ಮೇಲೆ ಕೈಯಿಟ್ಟು ಪಾಠ ಹೇಳಿದ. ಮಾಳವ್ವ ಅವನ ಗಲ್ಲ ಹಿಡಿದು, “ಅಡಗಿಮನ್ಯಾಗ ನಿಂದರಬ್ಯಾಡ ಅಂದ ಮೊದಲನೇ ಗಂಡಸು ನೀನ ನೋಡಪಾ! ನಿನ್ನ ಹೊಟ್ಟಿ ತಣ್ಣಗಿರಲಿ,” ಎಂದು ನಕ್ಕಳು. ಸೀರೆ ಕಚ್ಚೆ ಹಾಕಿ, ಹುಡುಗರು ತೊಡುವಂಥ ಬೂಟು ತೊಟ್ಟು ಆಟಕ್ಕಿಳಿದವಳು ಮತ್ತೆ ಹಿಂದಿರುಗಿ ನೋಡಲಿಲ್ಲ. ಚೆಂಡು ಎದುರಾಳಿಯ ಮೂಗಿನ ಮುಂದೆಯೇ ಹೋಗಿ ಬೀಳುತ್ತಿತ್ತು. ಅಂಗಡಿಯಲ್ಲೂ ಅದೇ ಹುಚ್ಚು: ರೊಟ್ಟಿಯನ್ನು ದೂರದಿಂದಲೇ ಹಂಚಿನ ಮೇಲೆ ಎಸೆಯತೊಡಗಿದ್ದಳು. ಬೀರಪ್ಪ ಹಂಚಿನ ಹತ್ತಿರ ಕೂಡುವುದನ್ನೇ ಬಿಟ್ಟ.

ಇಂಥ ಮಾಳವ್ವನ ಆಟ ಈಗ ಬಲೂನಿನ ಪಾಲಾಗುವುದರಲ್ಲಿತ್ತು. ಸುಮ್ಮನೆ ಇರುವುದು ಹೇಗೆ?

ಮೊದಲಿಗೆ ದೂರು ಹೇಳಲು ಶಶಿಕಾಂತ ಮಾಸ್ತರನ್ನು ಕಳಿಸಿದರು. ಓದಿದವರು, ಮಾತು ಬಲ್ಲವರು. ಅವರು ಗಂಟಲು ಸರಿಮಾಡಿಕೊಂಡು ಪಂಢರಿನಾಥನ ಕೋಣೆಗೆ ಹೋದರು. ತುಸು ಹೊತ್ತಿಗೆ ಮುಖ ಅರಳಿಸಿಕೊಂಡು ಬಂದರು.

“ಏನಂದ್ರಿ ಮಾಸ್ತರ?” ಎಂದಳು ಮಾಳವ್ವ.

“ಭಾಳ ಛಲೋ ಮನಷ್ಯಾರೀ. ಶುಂಠಿ ಹಾಕಿದ ಚಹಾ ಕೊಟ್ಟ. ಮೊಣಕಾಲು ನೋವು ಹೆಂಗದ ಅಂತ ಕೇಳಿದ.”

“ಚೆಂಡಿನ ಮಾತು?”

ಮಾಸ್ತರು ಬೂಟಿನ ಲೇಸು ನೋಡಿಕೊಂಡರು. “ಅಷ್ಟು ಪ್ರೀತಿಲೆ ಮಾತಾಡಾಕತ್ತಾಗ ನಡುವ ಹೆಂಗ ಎತ್ತಬೇಕ್ರೀ?”

ಮರುದಿನ ಮುಕ್ತಾರ ತೋಳು ಮಡಚಿ, ಬಾಗಿಲು ದಡಕ್ಕನೆ ತಳ್ಳಿ ಒಳಗೆ ಹೋದ. ಬರುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಬಂದ. ಕೈಗೆ ಮಿರ್ಚಿ ಭಜಿಯ ಎಣ್ಣೆ, ಮೀಸೆಗೆ ಚಹಾದ ಕೆನೆ. ಎಲ್ಲರೂ ಸುತ್ತುಗಟ್ಟಿದಾಗ ನೆಲ ನೋಡುತ್ತ, “ಹಾಲ್ ಬ್ಯಾಡ ಅಂತ ಹೇಳಾಕ ಹೋಗಿದ್ನಿ,” ಎಂದ. “ಆದ್ರ ಅಂವಾ ಚಹಾ ಕುಡಿಸಿ, ನನ್ನ ಮೊಮ್ಮಗಳ ಫೋಟೋ ನೋಡಿ ಕಣ್ಣಿಗಿ ಒತ್ತಿಕೊಂಡ್ನರಿ. ಆಕಿ ಹುಟ್ಟಿದಹಬ್ಬಕ್ಕ ಅದ ಹಾಲ್ ಹಿಡದು ಬಂದೇನಿ.”

ಮಾಳವ್ವ ಹಣೆ ಬಡಿದುಕೊಂಡಳು, ಆಮೇಲೆ ನಗು ತಡೆಯಲಾರದೆ ನೆಲಕ್ಕೆ ಕೂತುಬಿಟ್ಟಳು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗ ಅವಳಿಗೆ ವಿಷಯ ಹೊಳೆಯಿತು. ತಪ್ಪು ಇವರದಲ್ಲ, ಚಹಾದ್ದು. ಒಬ್ಬರ ಚಹಾ ಕುಡಿದು ಅಲ್ಲೇ ಕೂತು ಅವರನ್ನು ಬೈಯುವುದು ನಮ್ಮ ಊರಲ್ಲಿ ಯಾರಿಂದ ಸಾಧ್ಯ?

“ನಾಳೆ ಎಲ್ಲಾರೂ ಕೂಡೇ ಹೋಗೂಣು,” ಎಂದಳು. “ಏನ್ ಕೊಟ್ಟರೂ ಮುಟ್ಟಬಾರದು. ನೀರೂ ಕುಡಿಬಾರದು. ಚಹಾ ಮುಟ್ಟಿದಾವರು ನನ್ನ ಕೂಡ ಆಡಾಕ ಬರಬ್ಯಾಡ್ರಿ.”

ಹೇಳುವುದೇನೋ ಹೇಳಿದಳು. ಆದರೆ ಅವಳಿಗೂ ಅಳುಕಿತ್ತು. ಅವಳ ಹೊಸ್ತಿಲಿಗೆ ಬಂದ ವೈರಿಯೂ ಚಹಾ ಕುಡಿಯದೆ ಹೋದದ್ದಿಲ್ಲ. ಇನ್ನು ಚಹಾ ಎಂದರೆ ಅವಳಿಗೇ ಜೀವ.

ಮರುದಿನ ಮುಂಜಾನೆ ಬ್ಯಾಟು ಹಿಡಿದ ದಂಡು ಪಂಢರಿನಾಥನ ಕೋಣೆಗೆ ನುಗ್ಗಿತು. ಅವನು ಎದ್ದು ನಿಂತು, ಬೋಳು ತಲೆಯವರೆಗೂ ನಗು ಹರಡಿಕೊಂಡು, “ಬರ್ರಿ ಬರ್ರಿ, ಕುಂದರ್ರಿ ಅಕ್ಕಾರ! ಮೊದಲ ಚಹಾ ಆಗಲಿ,” ಎಂದ. ಟ್ರೇ ಬಂತು. ಶುಂಠಿಯ ವಾಸನೆ ಕೋಣೆ ತುಂಬಿತು.

“ಬ್ಯಾಡ್ರಿ,” ಎಂದಳು ಮಾಳವ್ವ.

ಪಂಢರಿನಾಥ ಗಾಬರಿಯಾಗಲಿಲ್ಲ. ಹುಬ್ಬಳ್ಳಿಯಲ್ಲಿ ಮೊದಲನೇ ಬ್ಯಾಡ್ರಿ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ; ಮೂರನೆಯದು ಬಾಯಿಗೆ ಬರುವ ಹೊತ್ತಿಗೆ ಕಪ್ಪು ಕೈಯಲ್ಲಿರುತ್ತದೆ. ಅವನು ಎರಡನೇ ಸಲ ಕೇಳಿದ. ಬ್ಯಾಡ್ರಿ. ಮೂರನೇ ಸಲ ಕಪ್ಪನ್ನೇ ಎತ್ತಿ ಮುಂದೆ ಹಿಡಿದ. ಮಾಳವ್ವ ಎರಡೂ ಕೈಯಿಂದ ಬ್ಯಾಟನ್ನು ಅವುಚಿಕೊಂಡು, ಕಣ್ಣು ಮುಚ್ಚಿ, “ಬ್ಯಾಡ ಅಂದ್ರ ಬ್ಯಾಡ್ರಿ!” ಎಂದಳು.

ಪಂಢರಿನಾಥನ ಮುಖ ಇಳಿಯಿತು. “ಸಕ್ಕರಿ ಜಾಸ್ತಿ ಆತೇನ್ರಿ?” ಎಂದು ಸಕ್ಕರೆಯಿಲ್ಲದ ಚಹಾ ತರಿಸಿದ. ಯಾರೂ ಮುಟ್ಟಲಿಲ್ಲ. ಲಿಂಬೂ ಚಹಾ ಬಂತು. ಬಾದಾಮಿ ಹಾಲು ಬಂತು. ಪೇಢೆಯ ಡಬ್ಬಿ ತೆರೆಯಿತು. ಶಶಿಕಾಂತ ಮಾಸ್ತರ ಕೈ ತನ್ನಷ್ಟಕ್ಕೆ ತಾನೇ ಪೇಢೆಯ ಕಡೆ ಹೊರಟಿತು. ಮಾಳವ್ವ ಬ್ಯಾಟಿನ ಅಂಚಿನಿಂದ ಅದನ್ನು ತಿರುಗಿಸಿದಳು, ಕೆರೆಯ ದಂಡೆಯ ಕುರಿಯನ್ನು ತಿರುಗಿಸಿದ ಹಾಗೆ. ಮುಕ್ತಾರ ಉಗುಳು ನುಂಗುತ್ತ ಫ್ಯಾನು ನೋಡುತ್ತಿದ್ದ. ಮೇಜಿನ ತುಂಬ ಕಪ್ಪುಗಳು, ಕಪ್ಪುಗಳ ತುಂಬ ಕೆನೆ.

“ಅಕ್ಕಾರ,” ಎಂದ ಪಂಢರಿನಾಥ, “ನಮ್ಮಪ್ಪನ ಅಂಗಡ್ಯಾಗ ಅರಿವಿ-ಬಟ್ಟಿ ತಗೊಳ್ಳಾರದವರೂ ಚಹಾ ಕುಡದ ಹೋಗ್ತಿದ್ರು. ನಾ ಅಂಥಾದ್ದೇನ್ ಮಾಡೇನ್ರಿ?”

“ಹೇಳ್ತೇನಿ ಕೇಳ್ರಿ. ಮೂರು ಕೋರ್ಟ್ ಇದ್ವು, ಎರಡು ನುಂಗಿದ್ರಿ. ಕೋಚ್ ಹೋದ, ಸುಮ್ಮನಿದ್ವಿ. ಚೆಂಡು ಒಡದೂವು, ಟೇಪ್ ಸುತ್ತಿ ಆಡಿದ್ವಿ. ನೆಟ್ಟಿಗೆ ನನ್ನ ಲಂಗದ ಲಾಡಿ ಕಟ್ಟೇನಿ, ಇನ್ನೇನ್ ಬಿಚ್ಚಿ ಕೊಡ್ಲಿ ನಿಮಗ?”

ಮಾಸ್ತರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಮಾಳವ್ವನಿಗೆ ಸಿಟ್ಟಿನ ಜೊತೆಗೇ ಅಳುವೂ ಬಂದುಬಿಟ್ಟಿತು. “ಈ ವಯಸ್ಸಿಗೆ ನನಗೊಂದು ಆಟ ಸಿಕ್ಕೈತಿ ಅಣ್ಣಾ. ಅದನ್ನೂ ಕಸಗೋತೀರೇನು?”

“ಈ ಆಟ ಈಗ ಯಾರಿಗೆ ಬೇಕ್ರಿ ಅಕ್ಕಾರ? ಎಲ್ಲಾರೂ ಹಾಲ್ ಕೇಳ್ತಾರ.”

“ನೀವು ಒಂದರ ದಿನ ಆಡೀರೇನು?”

“ನಾನಾ? ನನಗೆಲ್ಲಿ ಆಟರಿ!”

“ಬರ್ರಿ, ಆಡ್ರಿ. ಆಡಿದ ಮ್ಯಾಲೆ ನಿಮ್ಮ ಚಹಾ ಕುಡಿತೀವಿ. ಕೆನಿ ಕಟ್ಟಿದ್ದನ್ನ ಕುಡಿತೀವಿ.”

ಚಹಾದ ಮಾನ ಉಳಿಸಿಕೊಳ್ಳಲು ಪಂಢರಿನಾಥನಿಗೆ ಬೇರೆ ದಾರಿ ಉಳಿದಿರಲಿಲ್ಲ. ಮುಕ್ತಾರ ಒಡೆದ ಚೆಂಡಿನ ಎರಡು ಹೋಳು ಕೂಡಿಸಿ ಕರಿ ಟೇಪು ಸುತ್ತಿದ. ಪಂಢರಿನಾಥ ಇಸ್ತ್ರಿ ಅಂಗಿಯ ತೋಳು ಮಡಚಿ, ಬ್ಯಾಟನ್ನು ಬೀಸಣಿಕೆಯಂತೆ ಹಿಡಿದು ನಿಂತ. ಮೊದಲ ಚೆಂಡು ಪಕ್ಕದಿಂದ ಹೋಯಿತು. ಎರಡನೆಯದು ಅವನ ಮೂಗಿಗೇ ಬಡಿಯಿತು. ಪಕ್ಕದ ಝುಂಬಾದ ಹೆಂಗಸರು ಹಾಡು ನಿಲ್ಲಿಸಿ ನೋಡಲು ಬಂದರು. ಮಾಳವ್ವ ಮೂರನೆಯದನ್ನು ಹೊಡೆಯಲಿಲ್ಲ. ಕೂಸಿನ ತಾಟಿಗೆ ರೊಟ್ಟಿ ಹಾಕುವಷ್ಟು ಹಗುರಾಗಿ ಅವನ ಮುಂದೆ ಇಟ್ಟಳು. ಅವನು ಕಣ್ಣು ಮುಚ್ಚಿ ಬೀಸಿದ. ಟೇಪಿನ ಚೆಂಡು ಗಾಳಿಯಲ್ಲಿ ಓಲಾಡುತ್ತ ಬಂದು, ಹೊರಗೆ ಹೋಗುತ್ತದೆ ಎನ್ನುವಾಗ ಒಳಗೆ ತಿರುಗಿ, ಮಾಳವ್ವನ ಬ್ಯಾಟನ್ನು ತಪ್ಪಿಸಿ ಗೆರೆಯ ಮೇಲೆ ಬಿತ್ತು.

“ಬಿತ್ತು! ಅಕ್ಕಾರ, ಬಿತ್ತ್ರೀ!” ಪಂಢರಿನಾಥ ಅಂಕಣದ ಸುತ್ತ ಓಡಿದ. ಮುಕ್ತಾರನನ್ನು ತಬ್ಬಿಕೊಂಡ, ಮಾಸ್ತರ ಕಾಲಿಗೆ ಬಿದ್ದ, ಲಾಡಿಗೆ ಎಡವಿ ನೆಟ್ಟಿನ ಸಮೇತ ಉರುಳಿದ. ಬಿದ್ದಲ್ಲೇ ಕೂತು ಏದುಸಿರು ಬಿಡುತ್ತ ನಗತೊಡಗಿದ. “ಸಾಲಿ ಬಿಟ್ಟ ಕೂಡ್ಲೆ ಅಂಗಡಿ ಗಾದಿ ಮ್ಯಾಲೆ ಕುಂದರಿಸಿದ್ರು ಅಕ್ಕಾರ. ಆವತ್ತಿಂದ ಓಡಿದ್ದ ನೆನಪಿಲ್ರಿ ನನಗ.”

ಅಂದು ಅವರೆಲ್ಲ ಕುಡಿದ ತಣ್ಣನೆಯ ಚಹಾಕ್ಕೆ ಲೆಕ್ಕವಿಲ್ಲ. ನಿಂತ ನಿಲುವಿನಲ್ಲೇ ಬೋರ್ಡು ಇಳಿಯಿತು, ಟ್ರೆಡ್‌ಮಿಲ್ಲುಗಳು ಗುಜರಿಗೆ ಹೊರಟವು. ಝುಂಬಾದ ಹೆಂಗಸರೂ ಬ್ಯಾಟು ಕೇಳಿದರು. ಮುಕ್ತಾರನ ಮೊಮ್ಮಗಳ ಹುಟ್ಟುಹಬ್ಬವನ್ನು ಅಂಕಣದಲ್ಲೇ ಆಟವಾಡಿ ಮಾಡುವುದೆಂದು ಗೊತ್ತಾಯಿತು.

ಮಾಳವ್ವ ಅಂಗಡಿಗೆ ಹಾರಿಕೊಂಡೇ ಬಂದಳು. ಹಂಚಿನ ಮುಂದೆ ಗೀತಾಂಜಲಿ, ಮೊಣಕೈವರೆಗೂ ಹಿಟ್ಟು, ಒಂದು ಕಣ್ಣು ಗಡಿಯಾರದ ಮೇಲೆ, ಬ್ಯಾಂಕಿಗೆ ಹೊತ್ತಾಗಿತ್ತು. ಮಾಳವ್ವ ಎಲ್ಲವನ್ನೂ ಕುಣಿದು ಹೇಳಿದಳು. ಸೊಸೆ ಹೊಟ್ಟೆ ಹಿಡಿದು ನಕ್ಕಳು. “ಮೂಗಿಗೇ ಬಡೀತೇನ್ ಅತ್ತಿ? ಹೆಂಗ? ಹಿಂಗ?” ಎಂದು ಕೈಯಲ್ಲಿದ್ದ ರೊಟ್ಟಿಯನ್ನೇ ಬ್ಯಾಟು ಮಾಡಿ ಬೀಸಿದಳು.

ಮಾಳವ್ವ ಆ ಬೀಸನ್ನೇ ನೋಡಿದಳು. ತನಗೆ ಆಡು ಅಂದವಳು ಇವಳು. ಅಂದಿನಿಂದ ದಿನಾ ತನ್ನ ಪಾಲಿನ ರೊಟ್ಟಿ ಬಡಿದವಳೂ ಇವಳೇ. ಇವಳಿಗೆ ಆಡು ಅಂದವರು ಯಾರು? ಊರ ಸಾವಕಾರನನ್ನು ಎಳೆದು ಆಡಿಸಿ ಬಂದ ತನಗೇ ಅದು ಹೊಳೆದಿರಲಿಲ್ಲವಲ್ಲ! ಮಾಳವ್ವ ಸೊಸೆಯ ಕೈಯಿಂದ ರೊಟ್ಟಿ ತೆಗೆದುಕೊಂಡಳು.

“ಗೀತಾ, ನಾಳಿಂದ ನೀನೂ ಬಾ,” ಎಂದಳು. “ಬಂದು ಆಡವಾ, ನನ್ನ ಮಗಳ.”

ಗೀತಾಂಜಲಿಯ ಕಣ್ಣು ತುಂಬಿದವು. ಹಿಟ್ಟಿನ ಕೈಯಿಂದಲೇ ಒರೆಸಿಕೊಂಡದ್ದಕ್ಕೆ ಮುಖವೆಲ್ಲ ಬೆಳ್ಳಗಾಯಿತು. “ಮತ್ತ ರೊಟ್ಟಿ ಯಾರು ಬಡೀತಾರ ಅತ್ತಿ?”

ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ತಿರುಗಿ ನೋಡಿದರು. ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಬೀರಪ್ಪನ ಕೈಯಲ್ಲಿ ಬಾಯಿಗೆ ಹೊರಟಿದ್ದ ಚಹಾದ ಬಸಿ ನಡುದಾರಿಯಲ್ಲೇ ನಿಂತಿತು.

ಮರುದಿನ ಗೀತಾಂಜಲಿಯ ಮೊದಲ ಹೊಡೆತ ನೆಟ್ಟಗೆ ಹೋಗಿ ಪಂಢರಿನಾಥನ ಬೋಳು ತಲೆಗೆ ಬಡಿಯಿತು. ಅವನು ಎಲ್ಲರಿಗಿಂತ ಮೊದಲೇ ಬಂದು ಅಂಕಣ ಹಿಡಿದಿದ್ದ, ಎಷ್ಟು ಹೇಳಿದರೂ ಬಿಡಲೊಲ್ಲ. ಅತ್ತ ಅಂಗಡಿಯಲ್ಲಿ ಬೀರಪ್ಪ ಬಡಿದ ರೊಟ್ಟಿಗಳಲ್ಲಿ ಒಂದೂ ದುಂಡಗಿರಲಿಲ್ಲ, ಕೆಲವಕ್ಕೆ ನಡುವೆ ಕಿಂಡಿಯೂ ಇತ್ತು. ಗಿರಾಕಿಗಳು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ದೂರು ಹೇಳಲು ಬಂದರು. ಬೀರಪ್ಪ ಎಲ್ಲರನ್ನೂ ಬರ್ರಿ, ಕುಂದರ್ರಿ ಎಂದು ಕೂಡಿಸಿ, ಚಹಾ ಕುಡಿಸಿ ಕಳಿಸಿದ.